ಹೋಟೆಲ್ ಬಿಲ್ಲಿಗೆ ಯಜಮಾನ ಯಾರು?

ಅಥಣಿಯ ವ್ಯಾಪಾರಿ ಮಾಲು ತರಲು ಬೆಂಗಳೂರಿಗೆ ಹೋದರೆ ಮೆಜೆಸ್ಟಿಕ್ಕಿನ ಲಾಡ್ಜಿನಲ್ಲಿ ಬಾಡಿಗೆ ಎಷ್ಟೆಂದು ಕೇಳಿಯೇ ಮೆಟ್ಟಿಲು ಹತ್ತುತ್ತಾನೆ. ಒಂದು ತಾಸು ಹೆಚ್ಚಾದರೆ ಮತ್ತೊಂದು ದಿನದ ರೊಕ್ಕ ಬಿದ್ದೀತೆಂಬ ಅಂಜಿಕೆ ಅವನದು. ಅವನೇ ಆರಿಸಿ ಕಳಿಸಿದ ಶಾಸಕರಿಗೆ ಮಾತ್ರ ಆ ಅಂಜಿಕೆ ಇಲ್ಲ. ಪಂಚತಾರಾ ಹೋಟೆಲಿನಲ್ಲಿ ದಿನಗಟ್ಟಲೆ ಇದ್ದು ಬರುತ್ತಾರೆ; ಬಿಲ್ ಕಟ್ಟಿದವರು ಯಾರೆಂದು ಊರಿಗೆ ಲೆಕ್ಕ ಒಪ್ಪಿಸುವುದಿಲ್ಲ.

2019ರ ಜುಲೈ ತಿಂಗಳನ್ನು ಅಥಣಿ, ಕಾಗವಾಡದ ಮಂದಿ ಮರೆತಿಲ್ಲ. 6ನೇ ತಾರೀಖು ಅಥಣಿಯ ಕಾಂಗ್ರೆಸ್ ಶಾಸಕ ಮಹೇಶ ಕುಮಠಳ್ಳಿ ರಾಜೀನಾಮೆ ಬರೆದು, ಬಂಡೆದ್ದ ಇತರರ ಜೊತೆ ಮುಂಬಯಿ ವಿಮಾನ ಹತ್ತಿದರು. 10ರಂದು ಮಂತ್ರಿ ಡಿ.ಕೆ. ಶಿವಕುಮಾರ್ ಪೊವಾಯಿಯ ರಿನೈಸನ್ಸ್ ಹೋಟೆಲಿನ ಗೇಟಿನಲ್ಲಿ ತಾಸುಗಟ್ಟಲೆ ನಿಂತರು. ರೂಮು ಬುಕ್ ಮಾಡಿದ್ದೇನೆಂದರೂ ಪೊಲೀಸರು ಒಳಗೆ ಬಿಡಲಿಲ್ಲ. ಮಂತ್ರಿಗೇ ಸಿಗದ ಶಾಸಕರು ಮತದಾರನಿಗೆ ಸಿಕ್ಕಾರೆಯೇ? ಕಾಗವಾಡದ ಶಾಸಕ ಶ್ರೀಮಂತ ಪಾಟೀಲರು 17ರ ರಾತ್ರಿ ಬೆಂಗಳೂರು ಹೊರವಲಯದ ರೆಸಾರ್ಟಿನಿಂದ ಕಾಣೆಯಾದವರು, ಎದೆನೋವೆಂದು ಮುಂಬಯಿಯ ಆಸ್ಪತ್ರೆಯಲ್ಲಿ ಪತ್ತೆಯಾದರು.

ಇದು ಒಂದೇ ಪಕ್ಷದ ರೋಗವಲ್ಲ. ಅದೇ ತಿಂಗಳು ಬಿಜೆಪಿಯೂ ತನ್ನ ಶಾಸಕರನ್ನು ಯಲಹಂಕದ ರೆಸಾರ್ಟಿನಲ್ಲಿ ಕೂಡಿಹಾಕಿತ್ತು. 1984ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ವಜಾ ಆದಾಗ ತೆಲುಗು ದೇಶಂ ಶಾಸಕರನ್ನು ಕಾಪಾಡಿದ್ದು ಕರ್ನಾಟಕವೇ. 2017ರಲ್ಲಿ ಗುಜರಾತಿನ ಕಾಂಗ್ರೆಸ್ ಶಾಸಕರು ಬಿಡದಿಯ ರೆಸಾರ್ಟಿಗೆ ಬಂದಿಳಿದರು. ಅತಿಥಿ ಸತ್ಕಾರದಲ್ಲಿ ನಮ್ಮ ರಾಜ್ಯ ಎಂದೂ ಹಿಂದೆ ಬಿದ್ದಿಲ್ಲ!

ಜುಲೈ 23ರಂದು 99ಕ್ಕೆ 105 ಮತಗಳಿಂದ ಕುಮಾರಸ್ವಾಮಿ ಸರ್ಕಾರ ಬಿತ್ತು. ಸಭಾಧ್ಯಕ್ಷ ರಮೇಶ್ ಕುಮಾರ್ 25ರಂದು ಕುಮಠಳ್ಳಿಯವರನ್ನು, 28ರಂದು ಪಾಟೀಲರನ್ನು ಅನರ್ಹಗೊಳಿಸಿದರು. ಎರಡೂ ಕುರ್ಚಿ ಖಾಲಿ. ಅಷ್ಟರಲ್ಲೇ ಆಗಸ್ಟ್ ಬಂತು, ಕೃಷ್ಣೆ ದಂಡೆ ಮೀರಿದಳು. ಕಲ್ಲೋಳ–ಯಡೂರ ಸೇತುವೆ, ಕುಡಚಿ–ಉಗಾರ ಸೇತುವೆ ಮುಳುಗಿದವು. ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ಹೆದ್ದಾರಿಯ ಮೇಲೆಯೇ ನೀರು. ಬಸ್ಸು, ಲಾರಿ ನಿಂತಲ್ಲೇ ನಿಂತವು. ನದಿ ದಂಡೆಯ ಊರುಗಳ ಮಂದಿ ದನಕರು ಹೊಡಕೊಂಡು ಗಂಜಿ ಕೇಂದ್ರ ಸೇರಿದರು. "ಅರ್ಜಿ ಯಾರ ಕೈಯಾಗ ಕೊಡೋದ್ರೀ?" ಎಂದರೆ ಉತ್ತರವಿಲ್ಲ. ಆಗಸ್ಟ್ 20ರವರೆಗೆ ರಾಜ್ಯಕ್ಕೆ ಯಡಿಯೂರಪ್ಪ ಒಬ್ಬರೇ ಮಂತ್ರಿಮಂಡಲ. ಅಂದು ಅಥಣಿಯ ಲಕ್ಷ್ಮಣ ಸವದಿ ಮಂತ್ರಿಯಾದರು, ನಿಜ. ಆದರೆ ಅವರು ಆಗ ಕ್ಷೇತ್ರ ಆರಿಸಿದ ಶಾಸಕರಲ್ಲ. ಅಕ್ಟೋಬರ್ 21ಕ್ಕೆ ಗೊತ್ತಾಗಿದ್ದ ಉಪಚುನಾವಣೆ ಡಿಸೆಂಬರ್ 5ಕ್ಕೆ ಹೋಯಿತು. ನಾಲ್ಕು ತಿಂಗಳಿಗೂ ಹೆಚ್ಚು ಕಾಲ, ಅದೂ ಮಹಾಪೂರದ ವರ್ಷ, ಎರಡು ಕ್ಷೇತ್ರಗಳಿಗೆ ಶಾಸಕರೇ ಇರಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು.

ಮತದಾರನೇನು ಸಾಚಾನೇ? ಅದೇ ಡಿಸೆಂಬರಿನಲ್ಲಿ ಇಬ್ಬರನ್ನೂ ಬಿಜೆಪಿ ಚಿಹ್ನೆಯ ಮೇಲೆ ಆರಿಸಿ ಕಳಿಸಿದ. 2023ರಲ್ಲಿ ಇಬ್ಬರನ್ನೂ ಮನೆಗೆ ಕಳಿಸಿದ. ಸಿಟ್ಟು ಬಂದರೆ ಬದಲಿಸುವುದು ಗೊತ್ತಿದೆ, ಲೆಕ್ಕ ಕೇಳುವುದು ಇನ್ನೂ ಗೊತ್ತಿಲ್ಲ.

ಹೆಸರು ಬರೆಯದೆ ಉದ್ರಿ ಕೊಡುವ ಅಂಗಡಿಕಾರ ನಿಪ್ಪಾಣಿಯಲ್ಲೂ ಇಲ್ಲ, ರಾಯಬಾಗದಲ್ಲೂ ಇಲ್ಲ. ಹತ್ತಾರು ರೂಮು ಹಿಡಿದು ದಿನಗಟ್ಟಲೆ ಉಣಿಸಿದವರು ಯಾವ ಖಾತೆಯಲ್ಲಿ ಬರೆದಿಟ್ಟರು, ವಸೂಲಿ ಯಾರಿಂದ? ಉಮೇದುವಾರರು ನಾಮಪತ್ರದ ಜೊತೆ ಆಸ್ತಿ, ಸಾಲದ ಪಟ್ಟಿ ಕೊಡುತ್ತಾರೆ. ಅದರ ಕೆಳಗೆ ಇನ್ನೊಂದು ಸಾಲು ಕಡ್ಡಾಯವಾಗಲಿ: ಯಾವ ಹೋಟೆಲಿನಲ್ಲಿ ಎಷ್ಟು ರಾತ್ರಿ, ರೊಕ್ಕ ಯಾರದು?

ಕಾನೂನು ಆಗುವವರೆಗೆ ಕಾಯಬೇಕಿಲ್ಲ. ಮುಂದಿನ ಸಲ ಕೈಮುಗಿದು ಓಟು ಕೇಳಲು ಬಂದವರು ಯಾವ ಪಕ್ಷದವರೇ ಇರಲಿ, ಚಿಕ್ಕೋಡಿಯ ಅಂಗಡಿ ಕಟ್ಟೆಯ ಮೇಲೆ, ಅಥಣಿಯ ಬಸ್ ಸ್ಟ್ಯಾಂಡಿನಲ್ಲಿ ಮೊದಲ ಪ್ರಶ್ನೆ ಇದೇ ಆಗಲಿ: "ಸಾಹೇಬ್ರ, ಬಿಲ್ ತಂದೀರೇನ್ರಿ?"