ಸೌದೆ ಬಾಯ್ಲರ್: ಹಸಿರು ಸಬ್ಸಿಡಿ ಸಿಕ್ಕರೆ ಹೊಗೆಯೂ ಶುದ್ಧವೇ?

ಮರ ಸುಟ್ಟಾಗ ಬರುವ ಕಾರ್ಬನ್ ಡೈಆಕ್ಸೈಡನ್ನು ಬೆಳೆಯುವ ಮರಗಳು ಮತ್ತೆ ಹೀರಿಕೊಳ್ಳುತ್ತವೆ, ಆದ್ದರಿಂದ ಸೌದೆ ಹಸಿರು ಇಂಧನ ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಆ ಲೆಕ್ಕದ ಬಗ್ಗೆಯೇ ತಕರಾರುಗಳಿವೆ, ಅದಿರಲಿ. ಅದು ಸರಿಯೆಂದೇ ಇಟ್ಟುಕೊಂಡರೂ ಶ್ವಾಸಕೋಶದ ಲೆಕ್ಕ ಬೇರೆ.

ಬ್ರಿಟನ್ 2011ರಲ್ಲಿ ರಿನ್ಯೂವಬಲ್ ಹೀಟ್ ಇನ್ಸೆಂಟಿವ್ ಎಂಬ ಯೋಜನೆ ತಂದಿತು. ವ್ಯಾಪಾರ, ಶಾಲೆ, ಕಾರ್ಖಾನೆಗಳ ಕಟ್ಟಡಗಳನ್ನು ಸೌದೆ ಬಾಯ್ಲರಿನಿಂದ ಬೆಚ್ಚಗಿಟ್ಟರೆ, ಕೊಟ್ಟ ಶಾಖಕ್ಕೆ ತಕ್ಕಂತೆ 20 ವರ್ಷ ಹಣ. ಹೊಗೆಗೆ ಮಿತಿ ಬಂದದ್ದು 2013ರ ಸೆಪ್ಟೆಂಬರಿನಲ್ಲಿ: ಇಂಧನದ ಪ್ರತಿ ಗಿಗಾಜೂಲ್ ಶಕ್ತಿಗೆ ಸೂಕ್ಷ್ಮ ಕಣಗಳು 30 ಗ್ರಾಂ, ನೈಟ್ರೋಜನ್ ಆಕ್ಸೈಡುಗಳು 150 ಗ್ರಾಂ ಮೀರಬಾರದು.

ಸಾಮಾನ್ಯವಾಗಿ ಇದಕ್ಕೆ ಪ್ರಮಾಣಪತ್ರ ಸಿಗುವುದು ಪ್ರಯೋಗಾಲಯದ ಪರೀಕ್ಷೆಯಿಂದ. ಯಾವ ಇಂಧನ, ಎಷ್ಟು ತೇವಾಂಶದವರೆಗೆ ಎಂಬುದೂ ಅದರಲ್ಲಿರುತ್ತದೆ. ಹಸಿ ಸೌದೆಗೆ ಊದುಕೊಳವೆ ಹಿಡಿದವರಿಗೆ ಕಾರಣ ಹೇಳಬೇಕಿಲ್ಲ. ಶಾಖವೆಲ್ಲ ನೀರನ್ನು ಆವಿ ಮಾಡುವುದರಲ್ಲೇ ಖರ್ಚಾಗಿ ಉರಿ ತಣ್ಣಗಾಗುತ್ತದೆ, ಅರೆಬರೆ ಸುಟ್ಟದ್ದು ಹೊಗೆಯಾಗುತ್ತದೆ. ಅಗತ್ಯಕ್ಕಿಂತ ದೊಡ್ಡ ಬಾಯ್ಲರ್ ಹಾಕಿಸಿದರೂ ಅದೇ ಪಾಡು. ಅದು ಪದೇಪದೇ ಹೊತ್ತಿ ಆರುತ್ತದೆ, ಹೊತ್ತಿಕೊಳ್ಳುವಾಗಲೇ ಹೊಗೆ ಹೆಚ್ಚು.

ನೈಟ್ರೋಜನ್ ಆಕ್ಸೈಡುಗಳದ್ದು ಇನ್ನೊಂದು ಕಥೆ. ಅವು ಬಹುಪಾಲು ಇಂಧನದೊಳಗಿನ ನೈಟ್ರೋಜನ್‌ನಿಂದಲೇ ಹುಟ್ಟುತ್ತವೆ. ಹಾಗಾಗಿ ಸೌದೆ ಒಣಗಿಸಿದರಷ್ಟೇ ಸಾಲದು, ತೊಗಟೆ ಕಡಿಮೆಯಿರುವ ಮರ ಬೇಕು.

ಹಾಗಾಗಿ ಪ್ರಮಾಣಪತ್ರ ಬಾಯ್ಲರಿನ ಯೋಗ್ಯತೆಯನ್ನಷ್ಟೇ ಹೇಳುತ್ತದೆ ಎಂದೇ ನಮ್ಮ ಅನಿಸಿಕೆ. ಇನ್ನು ಮಿತಿ ಬರುವ ಮೊದಲೇ ಯೋಜನೆಗೆ ಸೇರಿದವರಿಗೆ ಆ ಪತ್ರವೂ ಬೇಕಿರಲಿಲ್ಲ, 20 ವರ್ಷದ ಹಣ ಮಾತ್ರ ಅವರಿಗೂ ಇದೆ.