ಮುಖಗೆಡಿಸುವ ಬಣ್ಣ ನಮಗೆ ಬೇಡ

ಬಣ್ಣದ ಸ್ಲೈಡಿನ ಹವ್ಯಾಸವಿರುವ ನಮ್ಮ ಮಹನೀಯರಲ್ಲಿ ಎರಡು ಪಂಥಗಳುಂಟು. ಒಂದು ಪಂಥದವರು ತೀರಿಹೋದ ಕೊಡಾಕ್ರೋಮ್ ಫಿಲ್ಮಿನ ಶ್ರಾದ್ಧವನ್ನು ವರ್ಷವೂ ತಪ್ಪದೆ ನಡೆಸುವವರು. ಇನ್ನೊಂದು ಪಂಥದವರು ವೆಲ್ವಿಯಾ ಫಿಲ್ಮಿಗೆ ನಿತ್ಯವೂ ಮಂಗಳಾರತಿ ಎತ್ತುವವರು. ಅಜ್ಜನ ಕಪಾಟಿನಲ್ಲಿದ್ದ ಹಳೆಯ ರೇಂಜ್‌ಫೈಂಡರ್ ಕ್ಯಾಮರಾ ಕೈಗೆ ಬಂದ ತರುಣನೊಬ್ಬ ‘ಇದಕ್ಕೆ ಯಾವ ಫಿಲ್ಮು ಒಳ್ಳೆಯದು?’ ಎಂದು ಕೇಳಿದರೆ, ಇಬ್ಬರೂ ಬೇರೆ ಬೇರೆ ಮಾತಿನಲ್ಲಿ ಒಂದೇ ತಪ್ಪು ದಾರಿ ತೋರಿಸುತ್ತಾರೆ. ಬಣ್ಣದ ಮೆರುಗು ನೋಡಿ ಫಿಲ್ಮು ಆರಿಸಬೇಕೆಂಬುದು ಅವರಿಬ್ಬರ ಸಿದ್ಧಾಂತ. ನಮ್ಮ ಜನರ ಮುಖವನ್ನು ಅದು ಹೇಗೆ ತೋರಿಸುತ್ತದೆಂದು ನೋಡಿ ಆರಿಸಬೇಕೆಂಬುದು ನನ್ನದು.

ಮೊದಲು ಶ್ರಾದ್ಧದವರ ಮಾತು. ಕೊಡಾಕ್ರೋಮ್ ದೊಡ್ಡ ಫಿಲ್ಮೆಂಬುದರಲ್ಲಿ ಸಂದೇಹವಿಲ್ಲ. ೧೯೩೫ರಲ್ಲಿ ಚಲನಚಿತ್ರಕ್ಕೆಂದು ಹುಟ್ಟಿ, ಮರುವರ್ಷ ಸ್ಥಿರ ಕ್ಯಾಮರಾಗಳಿಗೂ ಬಂದಿತು. ಜಯಪುರದ ರಘುವೀರ ಸಿಂಗರು (೧೯೪೨–೧೯೯೯) ಅದರಲ್ಲಿ ಭಾರತದ ಬೀದಿಗಳನ್ನು ಹಿಡಿದು, ಬಣ್ಣವಿಲ್ಲದೆ ಈ ದೇಶವನ್ನು ಕಾಣಲಾಗದೆಂದು ವಾದಿಸಿದರು. ಆದರೆ ಆ ಫಿಲ್ಮಿನೊಳಗೆ ಬಣ್ಣವೇ ಇರಲಿಲ್ಲ. ಸಂಸ್ಕರಣೆಯ ಹೊತ್ತಿಗೆ ಪದರಪದರವಾಗಿ ಅದನ್ನು ತುಂಬಬೇಕಾಗಿತ್ತು. ಅದಕ್ಕೆ ಬೇಕಾದ ಯಂತ್ರ, ರಸಾಯನಗಳು ಬೆರಳೆಣಿಕೆಯ ಲ್ಯಾಬುಗಳಲ್ಲಿ ಮಾತ್ರ ಇದ್ದವು. ೨೦೦೯ರಲ್ಲಿ ತಯಾರಿಕೆ ನಿಂತಿತು. ಅಮೆರಿಕದ ಕಾನ್ಸಾಸ್ ಸೀಮೆಯ ಪಾರ್ಸನ್ಸ್ ಎಂಬ ಊರಿನ ಕೊನೆಯ ಲ್ಯಾಬು ೨೦೧೦ರ ಕೊನೆಗೆ ಸುರುಳಿಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಸತ್ತ ಎಮ್ಮೆಗೆ ಸೇರು ಹಾಲೆಂದು ಹೊಗಳುತ್ತ ಕೂತರೆ ಇಂದಿನ ಚಹಕ್ಕೆ ಹಾಲು ಬಂದೀತೆ?

ಇನ್ನು ವೆಲ್ವಿಯಾ ಭಕ್ತರು. ೧೯೯೦ರಲ್ಲಿ ಬಂದ ಈ ಫಿಲ್ಮಿನ ವೇಗ ೫೦. ಹಸಿರನ್ನು ಮತ್ತಷ್ಟು ಹಸಿರು, ಕೆಂಪನ್ನು ಮತ್ತಷ್ಟು ಕೆಂಪು ಮಾಡುವುದು ಅದರ ಸ್ವಭಾವ. ಬೆಟ್ಟ, ಸರೋವರ, ಸೂರ್ಯಾಸ್ತಗಳ ಚಿತ್ರಕಾರರು ಅದನ್ನು ಮೆಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅವರ ಕ್ಯಾಮರಾ ಕಾಲುಮಣೆಯ ಮೇಲೆ ನಿಂತಿರುತ್ತದೆ. ಲೆನ್ಸಿನ ಮೂಲಕವೇ ನೋಡಿ, ಮುಂದಿಟ್ಟ ಫಿಲ್ಟರಿನ ಪರಿಣಾಮವನ್ನು ಕಣ್ಣಾರೆ ಕಂಡು ಅವರು ಗುಂಡಿ ಒತ್ತುತ್ತಾರೆ. ರೇಂಜ್‌ಫೈಂಡರಿನಲ್ಲಿ ನಾವು ನೋಡುವುದು ಪಕ್ಕದ ಕಿಟಕಿಯಿಂದ. ಲೆನ್ಸಿನ ಮುಂದೆ ಏನಿಟ್ಟರೂ ಅದು ಕಿಟಕಿಗೆ ತಿಳಿಯದು. ಈ ಕ್ಯಾಮರಾದ ಗುಣ ಬೇರೆ. ಅದು ಸಣ್ಣದು, ಸಪ್ಪಳ ಕಡಿಮೆ. ಒಳಗೆ ಮೇಲಕ್ಕೂ ಕೆಳಕ್ಕೂ ಬಡಿಯುವ ಕನ್ನಡಿಯಿಲ್ಲವಾದ್ದರಿಂದ ಮಂದ ಬೆಳಕಿನಲ್ಲಿಯೂ ಕೈಯಲ್ಲೇ ಹಿಡಿದು ತೆಗೆಯಬಹುದು. ಮನುಷ್ಯರ ನಡುವೆ ನಿಂತು, ಅವರನ್ನು ಬೆಚ್ಚಿಬೀಳಿಸದೆ ಚಿತ್ರ ತೆಗೆಯುವುದಕ್ಕೆ ಅದು ತಕ್ಕುದು. ಮನುಷ್ಯರಿಗೆಂದು ಇರುವ ಕ್ಯಾಮರಾದಲ್ಲಿ ಬೆಟ್ಟಕ್ಕೆಂದು ಇರುವ ಫಿಲ್ಮು ತುಂಬುವುದು ಎಂಥ ವಿವೇಕ?

ಹಿರೇಕೆರೂರು ತಾಲೂಕಿನ ಹಂಸಭಾವಿಯಂಥ ಊರನ್ನೇ ತೆಗೆದುಕೊಳ್ಳೋಣ. ಸುತ್ತ ಗೋವಿನಜೋಳ, ಹತ್ತಿಯ ಹೊಲಗಳು. ಅಲ್ಲಿನ ರೈತ ಬಿಳಿ ಧೋತರ ಉಟ್ಟು, ಬಿಳಿ ಟೊಪ್ಪಿಗೆ ಇಟ್ಟು ಕಟ್ಟೆಯ ಮೇಲೆ ಕೂತಿದ್ದಾನೆ. ಬಿಸಿಲಿಗೆ ಮಾಗಿದ ಅವನ ಮುಖ ಕಪ್ಪುಗಂದು. ಸ್ಲೈಡ್ ಫಿಲ್ಮು ಬೆಳಕು-ನೆರಳುಗಳ ಅಂತರವನ್ನು ತಡೆದುಕೊಳ್ಳುವುದು ಸುಮಾರು ಐದು ಸ್ಟಾಪು, ಅಂದರೆ ಬೆಳಕು ಐದು ಸಲ ಇಮ್ಮಡಿಯಾಗುವಷ್ಟು. ನಡುಹಗಲಿನ ಧೋತರಕ್ಕೂ ಟೊಪ್ಪಿಗೆಯ ನೆರಳಿನ ಕಣ್ಣುಗಳಿಗೂ ಅದಕ್ಕಿಂತ ಹೆಚ್ಚಿನ ಅಂತರವಿರುತ್ತದೆ. ಇರುವ ಅಂತರವನ್ನೇ ಹಿಗ್ಗಿಸುವ ವೆಲ್ವಿಯಾದಲ್ಲಿ ಧೋತರ ಬೆಳಗೀತು, ಮುಖ ಮಸಿಯಾದೀತು. ಬೆಳಕು ಬಿದ್ದ ಕೆನ್ನೆ ಕುಂಕುಮ ಬಳಿದಂತೆ ಕೆಂಪೇರೀತು. ಪಕ್ಕದ ಬ್ಯಾಡಗಿಯ ಮೆಣಸಿನಕಾಯಿಯ ಮಾತೂ ಅಷ್ಟೆ. ೨೦೧೧ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಆ ಕಾಯಿಯ ಕೀರ್ತಿ ಅದರ ಬಣ್ಣದಲ್ಲಿದೆ, ಸುಕ್ಕಿನಲ್ಲಿದೆ. ಅಂಥ ಕೆಂಪಿಗೂ ಮೇಲೊಂದು ಕೆಂಪು ಬಳಿದರೆ ಸುಕ್ಕು ಮುಳುಗಿಹೋಗಿ ಬರಿಯ ಬಣ್ಣದ ರಾಶಿ ಉಳಿಯುತ್ತದೆ.

‘ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಕೂಗಾಟವೇ?’ ಎನ್ನುವವರು ಬಣ್ಣದ ಫಿಲ್ಮಿನ ಇತಿಹಾಸವನ್ನು ಸ್ವಲ್ಪ ತಿರುವಿ ನೋಡಬೇಕು. ೧೯೫೦ರ ದಶಕದಿಂದ ಕೊಡಾಕ್ ಕಂಪನಿ ಲ್ಯಾಬುಗಳಿಗೆ ‘ಶರ್ಲಿ’ ಎಂದು ಹೆಸರಾದ ಮಾದರಿ ಚಿತ್ರಗಳನ್ನು ಕಳಿಸುತ್ತಿತ್ತು. ಅದರಲ್ಲಿದ್ದ ಬಿಳಿಯ ಹೆಣ್ಣುಮಗಳ ಚರ್ಮ ಸರಿಯಾಗಿ ಬಂದರೆ ಮುದ್ರಣದ ಬಣ್ಣವೆಲ್ಲ ಸರಿಯೆಂಬ ಲೆಕ್ಕ. ಕಂದುಬಣ್ಣದ ಕಡೆಗೆ ಕಂಪನಿಯ ಗಮನ ಹರಿದದ್ದು ಚಾಕೊಲೇಟಿನವರೂ ಮರದ ಪೀಠೋಪಕರಣದವರೂ ತಮ್ಮ ಸರಕಿನ ಬಣ್ಣ ಸರಿಯಾಗಿ ಬರುತ್ತಿಲ್ಲವೆಂದು ದೂರಿದ ಮೇಲೆ ಎಂದು ಆ ಕಂಪನಿಯಲ್ಲಿದ್ದವರೇ ಮುಂದೆ ಹೇಳಿದ್ದಾರೆ. ಮೇಜು-ಕುರ್ಚಿಗೆ ಸಿಕ್ಕ ಮರ್ಯಾದೆ ಮನುಷ್ಯನಿಗೆ ಸಿಗಲಿಲ್ಲ! ಇಂದು ಫೋನುಗಳು ಕೇಳದೆಯೇ ಮುಖಕ್ಕೆ ಸುಣ್ಣ ಬಳಿಯುತ್ತವೆ. ನಾವು ಅದನ್ನು ಚೆಲುವೆಂದು ಒಪ್ಪಿಕೊಂಡಿದ್ದೇವೆ. ತನ್ನ ಬಣ್ಣಕ್ಕೆ ತಾನೇ ನಾಚುವ ಸಮಾಜಕ್ಕೆ ಒಂದು ಪ್ರಾಮಾಣಿಕ ಫಿಲ್ಮು ಸಣ್ಣ ಸಂಗತಿಯೇನೂ ಅಲ್ಲ. ಸ್ಲೈಡಿನಲ್ಲಿ ಮುದ್ರಕನ ಕೈವಾಡವಿಲ್ಲ. ಕ್ಯಾಮರಾದೊಳಗೆ ಬೆಳಕು ಬಿದ್ದ ಆ ಫಿಲ್ಮಿನ ತುಂಡೇ ಚಿತ್ರ.

ಹಾಗಾದರೆ ಯಾವುದನ್ನು ಆರಿಸಬೇಕು? ನನ್ನ ಓಟು ಕೊಡಾಕಿನ ಎಕ್ಟಾಕ್ರೋಮ್ ಇ-೧೦೦ಕ್ಕೆ. ಶರ್ಲಿಯ ಕಂಪನಿಯದೇ ಅಲ್ಲವೇ ಎಂದು ಕೆಲವರು ಕೊಂಕು ನುಡಿದಾರು. ನಾನು ತೂಗುತ್ತಿರುವುದು ಇಂದಿನ ಫಿಲ್ಮನ್ನು, ಕಂಪನಿಯ ಕುಲಗೋತ್ರವನ್ನಲ್ಲ. ೨೦೧೨ರಲ್ಲಿ ನಿಂತು ೨೦೧೮ರಲ್ಲಿ ಮರಳಿ ಬಂದ ಈ ಫಿಲ್ಮು ಬಣ್ಣವನ್ನು ಹಿಗ್ಗಿಸದೆ, ಬಿಳಿಯನ್ನು ಬಿಳಿಯಾಗಿ, ಕಂದನ್ನು ಕಂದಾಗಿ ಇಡಲು ಯತ್ನಿಸುತ್ತದೆ. ಫ್ಯೂಜಿಯ ಪ್ರೊವಿಯಾ ೧೦೦ಎಫ್ ಸಿಕ್ಕಿದರೆ ಅದನ್ನೂ ಬೇಡವೆನ್ನೆ. ಎರಡರ ವೇಗವೂ ವೆಲ್ವಿಯಾದ ಇಮ್ಮಡಿ. ಚಹದಂಗಡಿಯ ಒಳಗೆ ೧೫ನೇ ಒಂದು ಸೆಕೆಂಡು ಕೈ ಬಿಗಿಹಿಡಿಯಬೇಕಾದಲ್ಲಿ ೩೦ನೇ ಒಂದು ಸಾಕಾಗುತ್ತದೆ. ಎರಡೂ ಇ-೬ ವಿಧಾನದಲ್ಲಿ ತೊಳೆಯಲ್ಪಡುತ್ತವೆ. ಶಾಖವನ್ನು ೩೮ ಡಿಗ್ರಿಯಲ್ಲಿ ಕಾಯ್ದುಕೊಳ್ಳಬಲ್ಲವನು ಮನೆಯಲ್ಲಿಯೂ ತೊಳೆದುಕೊಳ್ಳಬಹುದು.

ಫಿಲ್ಮು ಸರಿಯಿದ್ದ ಮಾತ್ರಕ್ಕೆ ಕೆಲಸ ಮುಗಿಯದು. ಬೆಳಕಿನ ಮೀಟರನ್ನು ಧೋತರದ ಕಡೆ ಹಿಡಿದರೆ ಅದು ಮೋಸಹೋಗಿ ಮುಖವನ್ನು ಕತ್ತಲೆಗೆ ನೂಕುತ್ತದೆ. ಬಿಳಿ ಗುಮ್ಮಟವಿರುವ ಮೀಟರನ್ನು ಮುಖದ ಪಕ್ಕದಲ್ಲಿಟ್ಟು ಕ್ಯಾಮರಾದ ಕಡೆ ತಿರುಗಿಸಿ, ಮುಖದ ಮೇಲೆ ಬೀಳುವ ಬೆಳಕನ್ನೇ ಅಳೆಯಬೇಕು. ನಡುಹಗಲಿನಲ್ಲಿ ಕ್ಯಾಮರಾ ಚೀಲದಲ್ಲಿರಲಿ. ಬೆಳಗು ಸಂಜೆಗಳು ನಮ್ಮ ಸೀಮೆಯ ಮುಖಗಳಿಗೆ ಹೆಚ್ಚು ಕರುಣೆ ತೋರುತ್ತವೆ.

ಸ್ಲೈಡ್ ಫಿಲ್ಮು ದುಬಾರಿಯೆಂಬ ಆಕ್ಷೇಪ ನಿಜ. ಒಂದು ಸುರುಳಿಯಲ್ಲಿ ೩೬ ಚಿತ್ರ; ಊರ ಅಂಗಡಿಯಲ್ಲಿ ಸಿಗುವಂಥದಲ್ಲ, ದೂರದಿಂದ ತರಿಸಬೇಕು. ದುಬಾರಿಯಾದ್ದರಿಂದಲೇ ಅದನ್ನು ಸೂರ್ಯಾಸ್ತಗಳ ಮೇಲೆ ಪೋಲು ಮಾಡಬೇಡಿರೆಂದು ನಾನು ಹೇಳುವುದು. ಸೂರ್ಯ ನಾಳೆಯೂ ಮುಳುಗುತ್ತಾನೆ. ಕಟ್ಟೆಯ ಮೇಲಿನ ಮುದುಕ ನಾಳೆ ಇರುವನೆಂಬ ಭರವಸೆಯಿಲ್ಲ. ಫಿಲ್ಮಿನ ಹಿರಿಮೆಯನ್ನು ಅಳೆಯಬೇಕಾದರೆ ಆ ಸ್ಲೈಡನ್ನು ಅವನ ಮಗಳ ಕೈಗೆ ಕೊಟ್ಟು, ಕಿಟಕಿಯ ಬೆಳಕಿಗೆ ಹಿಡಿದು ನೋಡಲು ಹೇಳಿರಿ. ‘ನಮ್ಮಪ್ಪ ಹೀಂಗs ಇದ್ದಾನ’ ಎಂದು ಅವಳು ಅಂದರೆ ಆ ಫಿಲ್ಮು ಗೆದ್ದಿತು. ‘ಬಣ್ಣ ಭಾಳ ಛಂದ ಬಂದೈತಿ’ ಎಂದಷ್ಟೇ ಅಂದರೆ ಮುಂದಿನ ಸಲ ಬೇರೆ ಫಿಲ್ಮು ತರಿಸಿರಿ.