ನೋವು ಹೋಯಿತು, ಚೀಲ ಉಳಿಯಿತು

ಮಟಕಿಯಿಂದ ಅತ್ತಿಗೆ ಫೋನು: "ಹೊಟ್ಟಿ ನೋವು ಹೋಗ್ಯದ, ಕಾಮಣಿನೂ ಇಳದದ. ಮತ್ತ ಆಪರೇಷನ್ ಯಾಕ ಬೇಕು?" ಸ್ಕ್ಯಾನ್‌ನಲ್ಲಿ ಅವರ ಪಿತ್ತನಾಳ ಚೀಲದಂತೆ ಉಬ್ಬಿದೆ. ಹುಟ್ಟಿನಿಂದ ಇದ್ದದ್ದು, ಗೊತ್ತಾದದ್ದು 32ನೇ ವಯಸ್ಸಿಗೆ.

ಉತ್ತರ ಪಿತ್ತದ ಕೆಮಿಸ್ಟ್ರಿಯಲ್ಲಿದೆ. ಪಿತ್ತನಾಳ, ಮೇದೋಜೀರಕ ನಾಳ ಎರಡೂ ಸಾಮಾನ್ಯವಾಗಿ ಕರುಳಿನ ಗೋಡೆಯೊಳಗೆ, ಕವಾಟದಂಥ ಸ್ನಾಯುವಿನ ಹಿಡಿತದಲ್ಲಿ ಕೂಡುತ್ತವೆ. ಇಂಥ ಚೀಲ ಇರುವ ಬಹಳಷ್ಟು ಜನರಲ್ಲಿ ಗೋಡೆಯ ಹೊರಗೇ ಕೂಡಿರುತ್ತವೆ. ಹಿಡಿತ ಇಲ್ಲ, ಮೇದೋಜೀರಕ ರಸ ಹಿಂದಕ್ಕೆ ಹರಿದು ಪಿತ್ತಕ್ಕೆ ಸೇರುತ್ತದೆ. ಅದರ ಫಾಸ್ಫೊಲೈಪೇಸ್ ಎ2 ಕಿಣ್ವ ಪಿತ್ತದ ಲೆಸಿಥಿನ್ ಒಡೆದು ಲೈಸೊಲೆಸಿಥಿನ್ ಮಾಡುತ್ತದೆ. ಅದು ಖಾರ ಸೋಪಿನಂತೆ ನಾಳದ ಒಳಪದರ ಕೆಡಿಸುತ್ತದೆ. ಗಾಯ, ರಿಪೇರಿ, ಮತ್ತೆ ಗಾಯ. ವರ್ಷಗಟ್ಟಲೆ ಹೀಗೇ ನಡೆದರೆ ಜೀವಕೋಶಗಳ ಜೀನ್‌ಗಳು ಕೆಡುತ್ತವೆ; ವಯಸ್ಸಾದಂತೆ ಪಿತ್ತನಾಳ, ಪಿತ್ತಕೋಶದ ಕ್ಯಾನ್ಸರ್ ಅಪಾಯ ಏರುತ್ತದೆ. ನೋವು ಇಲ್ಲದಿದ್ದರೂ ಈ ಕೆಲಸ ನಿಲ್ಲುವುದಿಲ್ಲ.

ಹಿಂದೆ ಚೀಲವನ್ನು ಕರುಳಿಗೆ ಜೋಡಿಸಿ ಬಿಡುತ್ತಿದ್ದರು. ಉಳಿದ ಚೀಲದಲ್ಲೇ ಕ್ಯಾನ್ಸರ್ ಕಂಡ ಮೇಲೆ, ಈಗ ಚೀಲ, ಪಿತ್ತಕೋಶ ಎರಡನ್ನೂ ತೆಗೆದು ಯಕೃತ್ತಿನ ನಾಳವನ್ನು ಸಣ್ಣಕರುಳಿಗೆ ಹೊಲಿಯುತ್ತಾರೆ. ಅಪಾಯ ಬಹಳ ಇಳಿಯುತ್ತದೆ, ಸೊನ್ನೆ ಆಗುವುದಿಲ್ಲ. ಫಾಲೋಅಪ್ ಬಿಡುವಂತಿಲ್ಲ.

ಎಲ್ಲಾ ಕೇಳಿ ಅತ್ತಿಗೆ, "ತೊಗರಿ ರಾಶಿ ಮುಗೀಲಿ" ಅಂದರು. ರಾಶಿ ಮುಗಿದ ಮರುವಾರಕ್ಕೆ ನಾನೇ ಡೇಟ್ ಹಿಡಿದಿದ್ದೇನೆ.